ಟೆಲಿಸ್ಕೋಪ್ ಆಮೇಲೆ, ಮೊದಲು ಎರಡು ಹಲಗೆ

ರಾತ್ರಿ ಆಕಾಶದ ಫೋಟೊ ತೆಗೆಯಬೇಕೆಂದು ಆಸೆಪಟ್ಟವರು ಮೊದಲು ವಿಚಾರಿಸುವುದು ಟೆಲಿಸ್ಕೋಪಿನ ಬೆಲೆಯನ್ನು. ಕೈಯಲ್ಲಿ 25–30 ಸಾವಿರ ರೂಪಾಯಿ ಇದ್ದರೆ ಅಷ್ಟೂ ಅದಕ್ಕೇ ಹೋಗುತ್ತದೆ. ಮುಂದಿನ ಗಾಜು 70 ಎಂಎಂ ಅಗಲವಿರುವ ಟೆಲಿಸ್ಕೋಪಿನಲ್ಲಿ ಚಂದ್ರ ಚೆನ್ನಾಗಿ ಕಾಣುತ್ತಾನೆ, ಶನಿಯ ಬಳೆಯೂ ಕಾಣುತ್ತದೆ. ಕಣ್ಣಿಟ್ಟು ನೋಡುವ ಐಪೀಸಿಗೆ ಮೊಬೈಲ್ ಹಿಡಿದರೆ ಚಂದ್ರನ ಕುಳಿಗಳ ಫೋಟೊ ಕೂಡ ಬರುತ್ತದೆ. ಅಷ್ಟೇ ಸಾಕು ಅನ್ನುವವರು ಧೈರ್ಯವಾಗಿ ಕೊಳ್ಳಬಹುದು. ಆದರೆ ನೀಹಾರಿಕೆ, ಗ್ಯಾಲಕ್ಸಿ, ಆಕಾಶಗಂಗೆ ಬೇಕೆಂದು ಹೊರಟವರಿಗೆ ಆ ಟೆಲಿಸ್ಕೋಪ್ ಏನೂ ಕೊಡುವುದಿಲ್ಲ. ಗಾಜು ಕೆಟ್ಟದ್ದು ಅಂತಲ್ಲ. ಭೂಮಿ ತಿರುಗುತ್ತಿದೆ, ಆ ಸ್ಟ್ಯಾಂಡ್ ಆಕಾಶದ ಜೊತೆ ತಿರುಗುವುದಿಲ್ಲ, ಅದೇ ಕಾರಣ. ಕ್ಯಾಮೆರಾವನ್ನು ಆಕಾಶದ ಜೊತೆ ತಿರುಗಿಸುವ ಎರಡು ಹಲಗೆಯ ಉಪಾಯ ಮುಂದೆ ಬರುತ್ತದೆ.

ಯಾವ ಸಾಮಾನಿಗೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ ಎಂಬುದನ್ನು ಒಂದೇ ಒಂದು ಲೆಕ್ಕ ತೀರ್ಮಾನಿಸುತ್ತದೆ. ಅಂಗಡಿಗೆ ಹೋಗುವ ಮುಂಚೆ ಇದನ್ನು ಮಾಡಿ. ಕ್ಯಾಮೆರಾ ಸೆನ್ಸರಿನ ಒಂದು ಪಿಕ್ಸೆಲ್ ಎಷ್ಟು ಮೈಕ್ರಾನ್ ಎಂದು ನೋಡಿ, 206ರಿಂದ ಗುಣಿಸಿ, ಲೆನ್ಸಿನ ಫೋಕಲ್ ಲೆಂತಿನಿಂದ ಭಾಗಿಸಿ. ಬರುವ ಉತ್ತರವೇ ಒಂದು ಪಿಕ್ಸೆಲ್ ಆಕಾಶದಲ್ಲಿ ಎಷ್ಟು ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಪಾಲು) ಜಾಗ ಹಿಡಿಯುತ್ತದೆ ಎಂಬುದು. ಇನ್ನೊಂದು ಕಡೆ, ಆಕಾಶದ ಸಮಭಾಜಕದ (ಭೂಮಧ್ಯರೇಖೆಯ ನೇರ ಮೇಲಿನ ಗೆರೆಯ) ಬಳಿ ಇರುವ ನಕ್ಷತ್ರ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತದೆ. ಕ್ಯಾನನ್‌ನ 18 ಮೆಗಾಪಿಕ್ಸೆಲ್ ಕ್ಯಾಮೆರಾಗಳಲ್ಲಿ ಪಿಕ್ಸೆಲ್ 4.3 ಮೈಕ್ರಾನ್. ಅದಕ್ಕೆ 900 ಎಂಎಂ ಫೋಕಲ್ ಲೆಂತಿನ ಟೆಲಿಸ್ಕೋಪ್ ಹಾಕಿದರೆ ಪಿಕ್ಸೆಲಿಗೆ ಸುಮಾರು 1 ಆರ್ಕ್‌ಸೆಕೆಂಡ್, ಅಂದರೆ ಒಂದೇ ಸೆಕೆಂಡಿನಲ್ಲಿ ನಕ್ಷತ್ರ 15 ಪಿಕ್ಸೆಲ್ ಉದ್ದದ ಗೆರೆ. 50 ಎಂಎಂ ಲೆನ್ಸ್ ಹಾಕಿದರೆ ಪಿಕ್ಸೆಲಿಗೆ 17.7. ಒಂದು ಸೆಕೆಂಡಿಗೆ ನಕ್ಷತ್ರ ಒಂದು ಪಿಕ್ಸೆಲ್ ಕೂಡ ದಾಟುವುದಿಲ್ಲ. ಅದೇ ಕ್ಯಾಮೆರಾ, ಅದೇ ಆಕಾಶ, ವ್ಯತ್ಯಾಸ ಹದಿನೆಂಟು ಪಟ್ಟು. ಕಡಿಮೆ ದುಡ್ಡಿನಲ್ಲಿ ಶುರು ಮಾಡುವವರು ಚಿಕ್ಕ ಲೆನ್ಸಿನಿಂದಲೇ ಶುರು ಮಾಡಬೇಕು ಎನ್ನುವುದು ಇದಕ್ಕೇ.

500ನ್ನು ಫೋಕಲ್ ಲೆಂತಿನಿಂದ ಭಾಗಿಸಿದಷ್ಟು ಸೆಕೆಂಡ್ ಎಕ್ಸ್‌ಪೋಷರ್ ಕೊಡಿ ಎಂಬ ಸೂತ್ರ ಎಲ್ಲೆಡೆ ಸಿಗುತ್ತದೆ. ಇಂದಿನ ಸೆನ್ಸರಿಗೆ ಅದು ತುಂಬ ಸಡಿಲ. ಹಳೆಯ ಫಿಲ್ಮಿಗಿಂತ ಚಿಕ್ಕದಾದ ಕ್ಯಾನನ್ ಕ್ರಾಪ್ ಸೆನ್ಸರಿನ ಮೇಲೆ ಫೋಕಲ್ ಲೆಂತನ್ನು 1.6ರಿಂದ ಗುಣಿಸಿಕೊಂಡು ಭಾಗಿಸಬೇಕು, 50 ಎಂಎಂ ಲೆನ್ಸಿಗೆ ಆಗ ಆ ಸೂತ್ರ 6 ಸೆಕೆಂಡ್ ಅನ್ನುತ್ತದೆ. ಅಷ್ಟರಲ್ಲಿ ನಕ್ಷತ್ರ 5 ಪಿಕ್ಸೆಲ್ ಎಳೆದಿರುತ್ತದೆ, ದೊಡ್ಡದು ಮಾಡಿ ನೋಡಿದರೆ ಎಲ್ಲವೂ ಅಕ್ಕಿಕಾಳು. 2.5 ಸೆಕೆಂಡಿಗೆ ನಿಲ್ಲಿಸಿದರೆ ಎರಡು ಪಿಕ್ಸೆಲ್, ಕಣ್ಣಿಗೆ ದುಂಡಗೇ ಕಾಣುತ್ತದೆ. 18 ಎಂಎಂಗೆ 6ರಿಂದ 8 ಸೆಕೆಂಡ್ ಇಟ್ಟುಕೊಳ್ಳಿ.

ಕ್ಯಾಮೆರಾ ಹೊಸದೇ ಆಗಬೇಕಿಲ್ಲ. ಬಳಸಿದ ಕ್ಯಾನನ್ 600ಡಿ ಅಥವಾ 700ಡಿ ಈ ಕೆಲಸಕ್ಕೆ ಚೆನ್ನಾಗಿ ಹೊಂದುತ್ತವೆ. ಇವೆರಡರಲ್ಲೂ ಹಿಂದಿನ ಸ್ಕ್ರೀನ್ ಹೊರಗೆ ಮಡಚಿಕೊಳ್ಳುತ್ತದೆ. ಜನವರಿಯ ರಾತ್ರಿ ಮಹಾವ್ಯಾಧ (ಒರಾಯನ್ ನಕ್ಷತ್ರಪುಂಜ) ನೆತ್ತಿಯ ಹತ್ತಿರ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ. ಸ್ಕ್ರೀನ್ ಮಡಚದ ಕ್ಯಾಮೆರಾದಲ್ಲಿ ನೆಲದ ಮೇಲೆ ಅಂಗಾತ ಮಲಗಿ ಫೋಕಸ್ ಮಾಡಬೇಕಾಗುತ್ತದೆ. ಮ್ಯಾಜಿಕ್ ಲ್ಯಾಂಟರ್ನ್ ಎಂಬ ಉಚಿತ ತಂತ್ರಾಂಶ ಈ ಎರಡೂ ಮಾಡೆಲಿಗೆ ಇದೆ, ತಾನಾಗಿ ಒಂದರ ಹಿಂದೊಂದು ಫೋಟೊ ತೆಗೆಸುವ ಇಂಟರ್ವಲೋಮೀಟರ್ ಅದರಲ್ಲೇ ಸಿಗುತ್ತದೆ. ಅದನ್ನು ಹಾಕಲು ಹೆದರುವವರು 2.5 ಎಂಎಂ ಜ್ಯಾಕಿನ ತಂತಿ ಇಂಟರ್ವಲೋಮೀಟರ್ ಕೊಂಡರಾಯಿತು. ನಿಕಾನ್ ಡಿ5300 ಕೂಡ ಒಳ್ಳೆಯದು, ನೆರಳಿನ ಭಾಗದಲ್ಲಿ ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಇನ್ನೂ ಕಡಿಮೆ, ಇಂಟರ್ವಲೋಮೀಟರ್ ಒಳಗೇ ಇದೆ. ಬಳಸಿದ ಕ್ಯಾಮೆರಾ ಕೊಳ್ಳುವಾಗ ಮುಚ್ಚಳ ಹಾಕಿ 30 ಸೆಕೆಂಡಿನ ಒಂದು ಫೋಟೊ, ಎಫ್/16ರಲ್ಲಿ, ಅಂದರೆ ಲೆನ್ಸಿನ ಕಿಂಡಿ ಕಿರಿದು ಮಾಡಿ, ಬಿಳಿ ಗೋಡೆಯ ಒಂದು ಫೋಟೊ ತೆಗೆದು ನೋಡಿ. ಮೊದಲನೆಯದರಲ್ಲಿ ಕೆಟ್ಟ ಪಿಕ್ಸೆಲ್‌ಗಳು, ಎರಡನೆಯದರಲ್ಲಿ ಸೆನ್ಸರಿನ ಮೇಲಿನ ಧೂಳು, ಫಂಗಸ್ ಗೊತ್ತಾಗುತ್ತವೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಕಪಾಟಿನಲ್ಲಿ ಕೂತಿದ್ದ ಲೆನ್ಸ್ ಆದರೆ ಹಿಂದಿನಿಂದ ಟಾರ್ಚ್ ಬಿಟ್ಟು ನೋಡದೆ ದುಡ್ಡು ಕೊಡಬೇಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್.

ಲೆನ್ಸಿನ ವಿಷಯದಲ್ಲಿ 50 ಎಂಎಂ ಎಫ್/1.8ನ್ನು ಮೀರಿಸುವ ಅಗ್ಗದ ವಸ್ತು ಇಲ್ಲ. ಆದರೆ ಪೂರ್ತಿ ತೆರೆದು ಬಳಸಿದರೆ ಮೂಲೆಯ ನಕ್ಷತ್ರಗಳು ರೆಕ್ಕೆ ಬಿಚ್ಚಿದ ಹಕ್ಕಿಯ ಆಕಾರ ತಾಳುತ್ತವೆ, ಹೊಳೆಯುವ ನಕ್ಷತ್ರದ ಸುತ್ತ ನೇರಳೆ ಪ್ರಭೆ ಬರುತ್ತದೆ. ಎಫ್/2.8ಕ್ಕೆ ಇಳಿಸಿದರೆ ಎರಡೂ ಬಹುಮಟ್ಟಿಗೆ ಹೋಗುತ್ತವೆ. ಬದಲಿಗೆ ಅಪರ್ಚರಿನ (ಬೆಳಕು ಬರುವ ಕಿಂಡಿಯ) ಎಲೆಗಳಿಂದಾಗಿ ನಕ್ಷತ್ರಕ್ಕೆ ಕಿರಣ ಮೂಡುತ್ತದೆ. ಹಳೆಯ ಐದೆಲೆಯ ಲೆನ್ಸಿನಲ್ಲಿ ಹತ್ತು, ಕ್ಯಾನನ್‌ನ ಹೊಸ ಏಳೆಲೆಯ ಎಸ್‌ಟಿಎಂ ಲೆನ್ಸಿನಲ್ಲಿ ಹದಿನಾಲ್ಕು. ಬೇಡವಾದರೆ ಕಪ್ಪು ಕಾರ್ಡ್‌ಶೀಟಿನಲ್ಲಿ 18 ಎಂಎಂ ವ್ಯಾಸದ ದುಂಡು ತೂತು ಕತ್ತರಿಸಿ ಲೆನ್ಸಿನ ಮುಂದೆ ಅಂಟಿಸಿ, ಕ್ಯಾಮೆರಾದಲ್ಲಿ ಎಫ್/1.8 ಬಿಡಿ. 50ನ್ನು 18ರಿಂದ ಭಾಗಿಸಿದರೆ 2.8. ಎಲೆಗಳೇ ಅಡ್ಡ ಬರದ ಎಫ್/2.8 ಸಿಕ್ಕಿತು. ಅಂಚುಗಳು ಸ್ವಲ್ಪ ಹೆಚ್ಚು ಕಪ್ಪಾಗುತ್ತವೆ, ಅದನ್ನು ಆಮೇಲೆ ಹೇಳುವ ಫ್ಲಾಟ್ ಫ್ರೇಮ್ ಸರಿಪಡಿಸುತ್ತದೆ.

ಹಳೆಯ ಎಂ42 (42 ಎಂಎಂ ಅಗಲದ) ತಿರುಪಿನ ಲೆನ್ಸ್‌ಗಳೂ ಅಗ್ಗವಾಗಿ ಸಿಗುತ್ತವೆ, ಅದರಲ್ಲೂ 135 ಎಂಎಂ. ಇವನ್ನು ಕೊಳ್ಳುವ ಮುಂಚೆ ಕ್ಯಾಮೆರಾ ಯಾವುದು ಎಂದು ನೋಡಿಕೊಳ್ಳಿ. ಎಂ42 ಲೆನ್ಸ್ ಸೆನ್ಸರಿನಿಂದ 45.46 ಎಂಎಂ ದೂರದಲ್ಲಿ ಕೂರಬೇಕು. ಕ್ಯಾನನ್ ಡಿಎಸ್‌ಎಲ್‌ಆರ್‌ಗಳ ಇಎಫ್ ಮೌಂಟಿನಲ್ಲಿ ಈ ದೂರ 44 ಎಂಎಂ, ಆದ್ದರಿಂದ ತೆಳುವಾದ ರಿಂಗ್ ಹಾಕಿದರೆ ಸರಿಹೋಗುತ್ತದೆ. ನಿಕಾನ್‌ನದು 46.5. ಲೆನ್ಸ್ ಆಗಲೇ ಹೆಚ್ಚು ದೂರದಲ್ಲಿದೆ, ಅನಂತಕ್ಕೆ ಫೋಕಸ್ ಆಗುವುದೇ ಇಲ್ಲ. ನಕ್ಷತ್ರಕ್ಕೆ ಬೇಕಾದದ್ದು ಅದೊಂದೇ.

ಟ್ರೈಪಾಡ್ ಇದ್ದದ್ದೇ ಸಾಕು, ನಡುವಿನ ಕಂಬ ಮೇಲೆತ್ತಬೇಡಿ, ಕೆಳಗೆ ಭಾರದ ಚೀಲ ತೂಗುಹಾಕಿ.

ಹೊಸಬರ ಫೋಟೊ ಕೆಡುವುದು ಹೆಚ್ಚಾಗಿ ಫೋಕಸಿನಲ್ಲಿ. ಲೆನ್ಸಿನ ಮೇಲೆ ಬರೆದ ಅನಂತದ ಗುರುತು ನಿಜವಾದ ಅನಂತ ಅಲ್ಲ, ರಿಂಗ್ ಅದನ್ನು ದಾಟಿಯೂ ತಿರುಗುತ್ತದೆ. ಆಟೊಫೋಕಸ್ ಆಫ್ ಮಾಡಿ, ಲುಬ್ಧಕದಂಥ ಹೊಳೆಯುವ ನಕ್ಷತ್ರವನ್ನು ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ, ರಿಂಗನ್ನು ಕೂದಲೆಳೆಯಷ್ಟೇ ಅತ್ತಿತ್ತ ಸರಿಸಿ. ಒಂದು ಕಡೆಗೆ ಹೋದರೆ ಅಂಚಿನಲ್ಲಿ ನೇರಳೆ, ಇನ್ನೊಂದು ಕಡೆಗೆ ಹಸಿರು ಕಾಣುತ್ತದೆ. ಎರಡರ ನಡುವೆ ನಕ್ಷತ್ರ ಅತಿ ಚಿಕ್ಕದಾಗುವ ಜಾಗದಲ್ಲಿ ನಿಲ್ಲಿಸಿ. ಹಳೆಯ ಲೆನ್ಸ್ ಆದರೆ ರಿಂಗಿಗೆ ಟೇಪ್ ಸುತ್ತಿ. ಎಸ್‌ಟಿಎಂ ಲೆನ್ಸಿನ ರಿಂಗ್ ಕರೆಂಟಿನಿಂದ ನಡೆಯುವಂಥದ್ದು, ಅಲ್ಲಿ ಟೇಪಿನಿಂದ ಪ್ರಯೋಜನವಿಲ್ಲ. ಆಟೊ ಪವರ್ ಆಫ್ ನಿಲ್ಲಿಸಿಡಿ, ಬ್ಯಾಟರಿ ಬದಲಿಸಿದಾಗಲೆಲ್ಲ ಫೋಕಸ್ ಮತ್ತೆ ನೋಡಿ. ಸಂಜೆ ಮಾಡಿದ ಫೋಕಸ್ ನಡುರಾತ್ರಿಯ ಚಳಿಗೆ ಸರಿದಿರುತ್ತದೆ, ಗಂಟೆಗೊಮ್ಮೆ ಪರೀಕ್ಷಿಸುವುದು ಕ್ಷೇಮ. ಮಿಕ್ಕ ಸೆಟ್ಟಿಂಗ್‌ಗಳಲ್ಲಿ ಚರ್ಚೆಗೆ ಹೆಚ್ಚು ಜಾಗವಿಲ್ಲ: ರಾ ಫೈಲ್, ಮ್ಯಾನ್ಯುಯಲ್ ಮೋಡ್, ಐಎಸ್‌ಒ 1600, ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆಫ್, ಲೆನ್ಸಿನ ಸ್ಟೆಬಿಲೈಸರ್ ಆಫ್.

ಮೊದಲ ಗುರಿ ಮಹಾವ್ಯಾಧನ ಕತ್ತಿಯಲ್ಲಿರುವ ನೀಹಾರಿಕೆ, ಎಂ42 (ಲೆನ್ಸಿನ ಎಂ42 ತಿರುಪಿಗೂ ಈ ಹೆಸರಿಗೂ ಸಂಬಂಧವಿಲ್ಲ). ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿ ನಕ್ಷತ್ರಗಳು ಹುಟ್ಟುತ್ತಿರುವ ಜಾಗ ಅದು, ಊರ ಬೆಳಕಿನ ನಡುವೆ ತಾರಸಿಯಿಂದಲೂ ಸಿಗುವಷ್ಟು ಪ್ರಕಾಶಮಾನ. ಜನವರಿಯಲ್ಲಿ ರಾತ್ರಿ ಹತ್ತರ ಸುಮಾರಿಗೆ ಬೆಂಗಳೂರಿನಲ್ಲಿ ದಕ್ಷಿಣಕ್ಕೆ 70 ಡಿಗ್ರಿಗಿಂತ ಎತ್ತರದಲ್ಲಿರುತ್ತದೆ. ಬರೀ ಟ್ರೈಪಾಡ್ ಮೇಲೆ 2.5 ಸೆಕೆಂಡಿನ 400 ಫೋಟೊ ತೆಗೆಯಿರಿ, ಇವನ್ನು ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಜೋಡಿಸಿ ಒಂದೇ ಚಿತ್ರ ಮಾಡುವುದು. ಒಟ್ಟು 1,000 ಸೆಕೆಂಡ್, ಹದಿನೇಳು ನಿಮಿಷದ ಬೆಳಕು. ಕ್ರಾಪ್ ಸೆನ್ಸರಿನ ಮೇಲೆ 50 ಎಂಎಂ ಲೆನ್ಸ್ ತೋರಿಸುವುದು 25 ಡಿಗ್ರಿ ಅಗಲ, 17 ಡಿಗ್ರಿ ಎತ್ತರದ ಆಕಾಶ. ಅದರಲ್ಲಿ ಕಾಲು ಗಂಟೆಗೆ ಸುಮಾರು 4 ಡಿಗ್ರಿ ಸರಿಯುತ್ತದೆ, ಹಾಗಾಗಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಮತ್ತೆ ನಡುವಿಗೆ ತರಬೇಕು. ತರುವಾಗ ಅದೇ ಜಾಗಕ್ಕೆ ತರದೆ ತುಸು ಅಕ್ಕಪಕ್ಕ ಇಡಿ. ಒಂದೇ ದಿಕ್ಕಿಗೆ ಒಂದೇ ಸಮ ಸರಿದರೆ, ಜೋಡಿಸಿದ ಮೇಲೆ ಸೆನ್ಸರಿನ ಕಲೆಗಳೆಲ್ಲ ಓರೆಗೆರೆಗಳಾಗಿ ನಿಲ್ಲುತ್ತವೆ. ಬಣ್ಣ ಹೆಚ್ಚಿಸಿದಾಗ ಅವು ಎದ್ದು ಕಾಣುತ್ತವೆ, ಆಮೇಲೆ ತೆಗೆಯುವುದು ಕಷ್ಟ.

ನೂರು ಫ್ರೇಮ್ ಜೋಡಿಸಿದರೆ ಬೆಳಕಿನ ಮುಂದೆ ನಾಯ್ಸ್ ಹತ್ತು ಪಟ್ಟು ಕಡಿಮೆ, ನಾನೂರಕ್ಕೆ ಇಪ್ಪತ್ತು ಪಟ್ಟು. ವರ್ಗಮೂಲದ ಲೆಕ್ಕ ಇದು. ಮೊದಲ ನೂರು ಫ್ರೇಮ್ ಕೊಡುವ ಸಂತೋಷವನ್ನು ಮುಂದಿನ ನೂರು ಕೊಡುವುದಿಲ್ಲ ಎಂದು ಬೇಸರಪಡುವವರಿದ್ದಾರೆ. ಆದರೂ ಇಂಥ ಹೊತ್ತಿನಲ್ಲಿ ಖರ್ಚಾಗುವುದು ಸಮಯ ಮಾತ್ರ, ಅದೂ ಚಳಿಗಾಲದ ಆಕಾಶದ ಕೆಳಗೆ ಕಳೆದ ಸಮಯ. ಸಾಮಾನಿನ ಪಟ್ಟಿಯಲ್ಲಿ ಇಲ್ಲದ ಅತಿ ದೊಡ್ಡ ಉಪಕರಣ ಅದೇ ಎಂದು ನಾನು ನಂಬುತ್ತೇನೆ.

ಮುಗಿಯುವ ಮುಂಚೆ, ಕ್ಯಾಮೆರಾ ಮತ್ತು ಲೆನ್ಸಿನ ದೋಷಗಳನ್ನು ಆಮೇಲೆ ಚಿತ್ರದಿಂದ ಕಳೆಯಲು, ಇನ್ನು ಮೂರು ಬಗೆಯ ಫ್ರೇಮ್ ಬೇಕು. ಲೆನ್ಸ್ ಮುಚ್ಚಿ ಅದೇ ಐಎಸ್‌ಒ, ಅದೇ 2.5 ಸೆಕೆಂಡಿನಲ್ಲಿ ಮೂವತ್ತು ಡಾರ್ಕ್. ಇವನ್ನು ಅಲ್ಲೇ, ಅದೇ ಚಳಿಯಲ್ಲಿ ತೆಗೆಯಬೇಕು, ಮನೆಯೊಳಗೆ ಬಂದು ತೆಗೆದರೆ ಸೆನ್ಸರಿನ ಬಿಸಿ ಬೇರೆ. ಮುಚ್ಚಿದಂತೆಯೇ 1/4000 ಸೆಕೆಂಡಿನಲ್ಲಿ ಐವತ್ತು ಬಯಾಸ್. ಕೊನೆಗೆ ಫೋಕಸ್, ಅಪರ್ಚರ್ ಮುಟ್ಟದೆ, ಲೆನ್ಸಿನ ಮೇಲೆ ಬಿಳಿ ಬನಿಯನ್ ಸುಕ್ಕಿಲ್ಲದಂತೆ ಎಳೆದು ಕಟ್ಟಿ, ಮುಂಜಾವಿನ ಆಕಾಶದ ಕಡೆ ಹಿಡಿದು ಮೂವತ್ತು ಫ್ಲಾಟ್. ಡಾರ್ಕ್ ಬಿಟ್ಟರೂ ನಡೆದೀತು, ಫ್ಲಾಟ್ ಬಿಡಬೇಡಿ. ಊರ ಬೆಳಕಿನಲ್ಲಿ ತೆಗೆದ ಫೋಟೊವನ್ನು ಹಿಗ್ಗಿಸಿದಾಗ (ಮಸುಕು ಬೆಳಕನ್ನು ಎತ್ತಿ ತೋರಿಸಿದಾಗ) ನಡುವೆ ಬೆಳ್ಳಗಿನ ದುಂಡು, ಮೂಲೆಗೆ ಕಪ್ಪು, ಅಲ್ಲಲ್ಲಿ ಧೂಳಿನ ಉಂಗುರ ಕಾಣುವುದು ಫ್ಲಾಟ್ ಇಲ್ಲದ್ದರಿಂದ.

ಇನ್ನು ಹಲಗೆಯ ವಿಷಯ. 1975ರಲ್ಲಿ ಸ್ಕಾಟ್ಲೆಂಡಿನ ಜಿ. ವೈ. ಹೇಗ್ ಪ್ರಕಟಿಸಿದ ಈ ಉಪಾಯಕ್ಕೆ ಬಾರ್ನ್ ಡೋರ್ ಟ್ರ್ಯಾಕರ್ ಎಂಬ ಹೆಸರು ನಿಂತಿದೆ. ಕೀಲು ಹಾಕಿದ ಎರಡು ಹಲಗೆ. ಕೀಲಿನ ಅಕ್ಷ ಧ್ರುವದ ಕಡೆಗೆ. ಒಂದು ತಿರುಪು ಮೇಲಿನ ಹಲಗೆಯನ್ನು ನಿಧಾನವಾಗಿ ತೆರೆಯುತ್ತದೆ, ಮೇಲಿನ ಹಲಗೆಯ ಮೇಲೆ ಕೂತ ಕ್ಯಾಮೆರಾ ಆಕಾಶದ ಜೊತೆ ತಿರುಗುತ್ತದೆ. 12 ಎಂಎಂ ಪ್ಲೈವುಡ್, 300ಕ್ಕೆ 150 ಎಂಎಂ ಅಳತೆಯ ಎರಡು ತುಂಡು, 150 ಎಂಎಂ ಉದ್ದದ ಗಟ್ಟಿ ಕೀಲು, ಒಂದು ಗೇಣು ಎಂ6 (6 ಎಂಎಂ ದಪ್ಪದ) ತ್ರೆಡ್ ರಾಡ್, ನಾಲ್ಕೈದು ನಟ್, ಕ್ಯಾಮೆರಾವನ್ನು ಬೇಕಾದ ಕಡೆ ತಿರುಗಿಸಿ ಮೇಲೆ ಕೂರಿಸಲು ಒಂದು ಬಾಲ್ ಹೆಡ್. ಬಾಲ್ ಹೆಡ್ ಬಿಟ್ಟರೆ ಉಳಿದದ್ದೆಲ್ಲ ಹಾರ್ಡ್‌ವೇರ್ ಅಂಗಡಿಯ ಮಾಲು, ಬಡಗಿಯ ಕೈಯಲ್ಲಿ ಅರ್ಧ ದಿನದ ಕೆಲಸ.

ಕೀಲಿನ ಕಡ್ಡಿಯ ನಡುವಿನಿಂದ ರಾಡಿನ ನಡುವಿಗೆ 228.5 ಎಂಎಂ ಇರಬೇಕು. ಎಂ6 ರಾಡ್ ಒಂದು ಸುತ್ತಿಗೆ 1 ಎಂಎಂ ಮುಂದೆ ಹೋಗುತ್ತದೆ. ಭೂಮಿ ನಕ್ಷತ್ರಗಳ ಲೆಕ್ಕದಲ್ಲಿ ಒಂದು ಸುತ್ತು ಮುಗಿಸಲು 1,436 ನಿಮಿಷ ಬೇಕು. ನಿಮಿಷಕ್ಕೊಂದು ಸುತ್ತು ತಿರುಗಿಸಿದರೆ ಎರಡೂ ಹೊಂದುವ ದೂರ ಅದು. ಇಲ್ಲಿ ಎಡವುವುದು ಅಂಗಡಿಯಲ್ಲೇ. ಎಂ6 ಕೇಳಿದವರಿಗೆ ಕಾಲು ಇಂಚಿನ ರಾಡ್ ಕೊಟ್ಟುಬಿಡುತ್ತಾರೆ, ನೋಡಲು ಒಂದೇ ಥರ. ಅಳತೆಪಟ್ಟಿ ಹಿಡಿದು ಇಪ್ಪತ್ತು ತ್ರೆಡ್ ಎಣಿಸಿ. 20 ಎಂಎಂ ಬಂದರೆ ಎಂ6. 25 ಎಂಎಂ ದಾಟಿದರೆ ಇಂಚಿನದು, ಅದಕ್ಕೆ ದೂರ 290 ಎಂಎಂ ಆಗಬೇಕು, ಹಲಗೆಯೂ ಉದ್ದವಾಗಬೇಕು. ತೂತು ಕೊರೆಯುವಾಗ ಒಂದು ಎಂಎಂ ಆಚೀಚೆ ಆದರೆ ಚಿಂತೆ ಬೇಡ, ನಿಮಿಷಕ್ಕೆ ಬರುವ ತಪ್ಪು 4 ಆರ್ಕ್‌ಸೆಕೆಂಡ್, 50 ಎಂಎಂ ಲೆನ್ಸಿನಲ್ಲಿ ಕಾಲು ಪಿಕ್ಸೆಲ್ ಕೂಡ ಇಲ್ಲ.

ಕೆಳಗಿನ ಹಲಗೆಯಲ್ಲಿ ನಟ್ ಕೂರಿಸಿ, ರಾಡಿನ ತುದಿಯನ್ನು ಅರದಿಂದ ದುಂಡಗೆ ಉಜ್ಜಿ, ಮೇಲಿನ ಹಲಗೆಗೆ ಅದು ತಾಗುವಲ್ಲಿ ಚಿಕ್ಕ ತಗಡು ಬಡಿಯಿರಿ. ಇಲ್ಲದಿದ್ದರೆ ತುದಿ ಮರದೊಳಗೆ ಇಳಿಯುತ್ತ ಹೋಗುತ್ತದೆ, ನಕ್ಷತ್ರ ಗೆರೆಯಾಗಿ ಬೆಳೆಯುತ್ತ ಹೋಗುತ್ತದೆ. ರಾಡಿನ ಬುಡಕ್ಕೆ ನಾಲ್ಕು ಗುರುತಿನ ದುಂಡು ತಟ್ಟೆ. ಉತ್ತರಕ್ಕೆ ಮುಖ ಮಾಡಿ ನಿಂತರೆ ಕೀಲು ಎಡಕ್ಕೆ, ಪಶ್ಚಿಮದ ಕಡೆ ಇರಬೇಕು. ಬಲತುದಿ ಮೇಲೇಳಬೇಕು. ತಿರುಗುಮುರುಗಾದರೆ ಟ್ರ್ಯಾಕರ್ ಆಕಾಶದ ವಿರುದ್ಧ ದಿಕ್ಕಿಗೆ ಓಡಿ ಗೆರೆ ಎರಡರಷ್ಟು ಉದ್ದವಾಗುತ್ತದೆ. ತಟ್ಟೆಯನ್ನು ಕೆಳಗಿನಿಂದ ನೋಡಿ ಪ್ರದಕ್ಷಿಣವಾಗಿ, 15 ಸೆಕೆಂಡಿಗೆ ಕಾಲು ಸುತ್ತು ಕೈಯಿಂದಲೇ ತಿರುಗಿಸಬಹುದು. ಬೇಸರವಾದರೆ 28ಬಿವೈಜೆ-48 ಎಂಬ 5 ವೋಲ್ಟಿನ ಸ್ಟೆಪರ್ ಮೋಟಾರ್, ಅದರ ಡ್ರೈವರ್ ಬೋರ್ಡ್, ಅದನ್ನು ನಡೆಸುವ ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಬೋರ್ಡ್ ಸೇರಿಸಿದರೆ ಪವರ್ ಬ್ಯಾಂಕಿನಲ್ಲಿ ನಡೆಯುತ್ತದೆ. ರಾಡ್ ನೇರವಾಗಿರುವುದರಿಂದ ಹಲಗೆ ತೆರೆದಷ್ಟೂ ವೇಗ ತಪ್ಪುತ್ತದೆ. 20 ನಿಮಿಷದ ಹೊತ್ತಿಗೆ ನಿಮಿಷಕ್ಕೆ 7 ಆರ್ಕ್‌ಸೆಕೆಂಡ್, 40ರ ಹೊತ್ತಿಗೆ 27. ಇಪ್ಪತ್ತು ನಿಮಿಷಕ್ಕೊಮ್ಮೆ ಹಿಂದಕ್ಕೆ ಸುತ್ತಿಕೊಂಡರೆ ಆ ತೊಂದರೆ ಇಲ್ಲ.

ಧ್ರುವಕ್ಕೆ ಗುರಿ ಹಿಡಿಯುವುದರಲ್ಲಿ ನಮ್ಮ ರಾಜ್ಯಕ್ಕೆ ಅದರದೇ ಕಷ್ಟವಿದೆ. ಧ್ರುವ ನಕ್ಷತ್ರ ನಿಮ್ಮ ಊರಿನ ಅಕ್ಷಾಂಶದಷ್ಟೇ ಎತ್ತರದಲ್ಲಿ ಕಾಣುತ್ತದೆ. ಬೆಂಗಳೂರು, ಮಂಗಳೂರಿನಲ್ಲಿ 13 ಡಿಗ್ರಿ, ಹುಬ್ಬಳ್ಳಿಯಲ್ಲಿ 15, ಕಲಬುರಗಿಯಲ್ಲಿ 17. ಎದುರುಮನೆಯ ನೀರಿನ ಟ್ಯಾಂಕ್ ಸಾಕು ಅದನ್ನು ಮುಚ್ಚಲು. ಆದರೆ ಅದೇ ಕಾರಣಕ್ಕೆ ಕೆಲಸ ಸುಲಭವೂ ಆಗುತ್ತದೆ. ಕೀಲು ಹೆಚ್ಚುಕಡಿಮೆ ಮಲಗಿದಂತಿರುವುದರಿಂದ ಮರದ ಬೆಣೆಯೊಂದನ್ನು ಕಾಯಂ ಆಗಿ ಕತ್ತರಿಸಿಟ್ಟುಕೊಳ್ಳಬಹುದು. 150 ಎಂಎಂ ಉದ್ದಕ್ಕೆ ಉತ್ತರದ ತುದಿ ಬೆಂಗಳೂರಿನಲ್ಲಿ 35 ಎಂಎಂ, ಹುಬ್ಬಳ್ಳಿಯಲ್ಲಿ 41, ಕಲಬುರಗಿಯಲ್ಲಿ 47 ಎತ್ತರ. ರಸಮಟ್ಟ ಇಟ್ಟು ತಳ ಸಮ ಮಾಡಿದರೆ ಎತ್ತರದ ಕೋನ ತಾನಾಗಿ ಬಂತು, ಉಳಿದದ್ದು ಉತ್ತರ ದಿಕ್ಕು ಮಾತ್ರ. ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಮ್ಮಲ್ಲಿ ವ್ಯತ್ಯಾಸ 2 ಡಿಗ್ರಿಗೂ ಕಡಿಮೆ. ತಾರಸಿಯ ಕಬ್ಬಿಣ ಮಾತ್ರ ಮೊಬೈಲಿನ ದಿಕ್ಸೂಚಿಯನ್ನು ಅದಕ್ಕಿಂತ ಹೆಚ್ಚು ದಾರಿ ತಪ್ಪಿಸುತ್ತದೆ. ನಕ್ಷತ್ರ ಕಾಣುವ ಜಾಗವಾದರೆ ಕೀಲಿನ ಉದ್ದಕ್ಕೆ ಸ್ಟ್ರಾ ಅಂಟಿಸಿ ಅದರೊಳಗೆ ಧ್ರುವವನ್ನು ಹಿಡಿಯಿರಿ. ಒಂದು ಡಿಗ್ರಿ ತಪ್ಪಿದರೂ ನಿಮಿಷಕ್ಕೆ ಗರಿಷ್ಠ 16 ಆರ್ಕ್‌ಸೆಕೆಂಡ್ ಸರಿಯುತ್ತದೆ, 50 ಎಂಎಂಗೆ ಒಂದು ಪಿಕ್ಸೆಲಿಗಿಂತ ಕಡಿಮೆ. 200 ಎಂಎಂಗೆ ಅದೇ ತಪ್ಪು ಮೂರೂವರೆ ಪಿಕ್ಸೆಲ್. ಅಂಗಡಿಯ ದೊಡ್ಡ ಈಕ್ವಟೋರಿಯಲ್ ಮೌಂಟ್ (ಆಕಾಶದ ಜೊತೆ ತಿರುಗುವ ಸ್ಟ್ಯಾಂಡ್) ಕೊಳ್ಳುವವರು ಅದು 13 ಡಿಗ್ರಿಗೆ ಇಳಿಯುತ್ತದೆಯೇ, ಇಳಿದಾಗ ಭಾರದ ಕಡ್ಡಿ ಟ್ರೈಪಾಡ್ ಕಾಲಿಗೆ ಬಡಿಯುತ್ತದೆಯೇ ಎಂದು ಕೇಳಲೇಬೇಕು.

ಟ್ರ್ಯಾಕರ್ ಬಂದ ಮೇಲೆ 2.5 ಸೆಕೆಂಡಿನ 400 ಫ್ರೇಮಿನ ಬದಲು 60 ಸೆಕೆಂಡಿನ 17 ಸಾಕು, ಒಟ್ಟು ಬೆಳಕು ಅಷ್ಟೇ. ಹಾಗಾದರೆ ಲಾಭವೇನು? ಪ್ರತಿ ಫ್ರೇಮ್ ಓದುವಾಗ ಕ್ಯಾಮೆರಾ ಸ್ವಲ್ಪ ನಾಯ್ಸ್ ಸೇರಿಸುತ್ತದೆ, ನಾನೂರು ಸಲಕ್ಕೆ ಬದಲು ಹದಿನೇಳು ಸಲ. ಕತ್ತಲ ಜಾಗದಲ್ಲಿ ಇದು ದೊಡ್ಡ ಅಂತರ. ನಗರದ ತಾರಸಿಯಲ್ಲಿ ಆಕಾಶವೇ ಎಷ್ಟು ಬೆಳ್ಳಗಿರುತ್ತದೆ ಎಂದರೆ ಆ ನಾಯ್ಸ್ ಅದರಲ್ಲಿ ಮುಳುಗಿಹೋಗುತ್ತದೆ, ಒಂದು ನಿಮಿಷ ಕೊಟ್ಟರೆ ಚಿತ್ರವೇ ಬೆಳ್ಳಗಾಗಬಹುದು. ಹಾಗಾಗಿ ತಾರಸಿ ಬಿಟ್ಟು ಹೊರಡದವರು ಟ್ರ್ಯಾಕರಿಗೆ ದುಡ್ಡು ಹಾಕುವ ಅವಸರ ಮಾಡಬೇಡಿ. ಊರಿಗೆ ಹೋಗಿ ಬರುವವರು ಹಲಗೆಯನ್ನು ಜೊತೆಗೆ ಒಯ್ಯಿರಿ.

ಮಲೆನಾಡಿನ ಆಕಾಶ ಕಪ್ಪು, ಆದರೆ ಇಬ್ಬನಿ ವಿಪರೀತ. ಚಿತ್ರದುರ್ಗ, ಪಾವಗಡದ ಕಡೆಯ ಬಯಲುಸೀಮೆಯ ಒಣಗಾಳಿ ಲೆನ್ಸಿಗೆ ಹಿತ. ನೀರು ಹಾಯಿಸಿದ ತೋಟದ ಪಕ್ಕ ನಿಲ್ಲಬೇಡಿ, ಕಣ ಅಥವಾ ಬಂಡೆಯ ಮೇಲೆ ನಿಲ್ಲಿ, ಕಾಲಿಗೆ ಬೂಟು ಇರಲಿ, ಹಾವಿನ ಭಯ ನಿಜವಾದದ್ದು. ಫ್ರೇಮ್‌ಗಳಲ್ಲಿ ನಕ್ಷತ್ರಗಳು ನಿಧಾನವಾಗಿ ಮಸುಕಾಗಿ ಊದಿಕೊಳ್ಳುತ್ತಿವೆ ಎಂದರೆ ಫೋಕಸ್ ಅಲ್ಲ, ಮುಂದಿನ ಗಾಜಿನ ಮೇಲೆ ಇಬ್ಬನಿ ಕೂತಿದೆ. ಬಟ್ಟೆಯಿಂದ ಒರೆಸಿದರೆ ಐದು ನಿಮಿಷಕ್ಕೆ ಮತ್ತೆ ಕೂರುತ್ತದೆ. ಯುಎಸ್‌ಬಿ ಹೀಟರ್ ಪಟ್ಟಿಯನ್ನು ಶುರುವಿನಿಂದಲೇ ಲೆನ್ಸಿಗೆ ಸುತ್ತಿ, ಪವರ್ ಬ್ಯಾಂಕಿಗೆ ಸಿಕ್ಕಿಸಿ. ಗಾಜು ಸುತ್ತಲ ಗಾಳಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿದ್ದರೆ ಸಾಕು.

ನಮ್ಮ ತಗ್ಗು ಅಕ್ಷಾಂಶ ಕೊಡುವ ಉಡುಗೊರೆ ದಕ್ಷಿಣದ ಆಕಾಶ. ಆಕಾಶಗಂಗೆಯ ಕೇಂದ್ರ ಬೆಂಗಳೂರಿನಲ್ಲಿ 48 ಡಿಗ್ರಿ ಎತ್ತರಕ್ಕೆ ಬರುತ್ತದೆ. ಲಂಡನ್ನಿನ ಕನ್ನಡಿಗರಿಗೆ ಅದು ಹತ್ತು ಡಿಗ್ರಿಯನ್ನೂ ಮುಟ್ಟುವುದಿಲ್ಲ. ಒಮೆಗಾ ಸೆಂಟಾರಿ ಗೋಳಗುಚ್ಛ (ನಕ್ಷತ್ರಗಳ ದಟ್ಟ ಗುಂಪು) ನಮಗೆ 30 ಡಿಗ್ರಿ, ಅವರಿಗೆ ಮೂಡುವುದೇ ಇಲ್ಲ. ಆದರೆ ಆ ಕೇಂದ್ರ ರಾತ್ರಿಯ ಬಹುಪಾಲು ಹೊತ್ತು ಕಾಣುವ ಜೂನ್, ಜುಲೈನಲ್ಲಿ ನಮಗೆ ಮಳೆ. ಆದ್ದರಿಂದ ಮಾರ್ಚಿನಲ್ಲಿ ಅಮಾವಾಸ್ಯೆಯ ಆಸುಪಾಸು, ಬೆಳಗಿನ ಜಾವ ನಾಲ್ಕಕ್ಕೆ ಎದ್ದು 18 ಎಂಎಂ ಲೆನ್ಸನ್ನು ವೃಶ್ಚಿಕ, ಧನುವಿನ ಕಡೆ ತಿರುಗಿಸಬೇಕು.

ಫ್ರೇಮ್ ಜೋಡಿಸಲು ಸಿರಿಲ್ ಎಂಬ ತಂತ್ರಾಂಶ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ನಾಲ್ಕು ಫೋಲ್ಡರಿನಲ್ಲಿ ನಾಲ್ಕು ಬಗೆಯ ಫ್ರೇಮ್ ಹಾಕಿ ಅದರಲ್ಲೇ ಬರುವ ಸ್ಕ್ರಿಪ್ಟ್ ಓಡಿಸಿದರೆ ಸಾಕು. ಲ್ಯಾಪ್‌ಟಾಪ್ ಅರ್ಧದಲ್ಲಿ ನಿಂತರೆ ಗಾಬರಿಯಾಗಬೇಡಿ, ಡಿಸ್ಕ್ ತುಂಬಿರುತ್ತದೆ. 18 ಮೆಗಾಪಿಕ್ಸೆಲಿನ ಒಂದು ಫ್ರೇಮ್ ಮೂರು ಬಣ್ಣ, 32 ಬಿಟ್‌ನಲ್ಲಿ 216 ಎಂಬಿ ಆಗುತ್ತದೆ. ನಾನೂರು ಫ್ರೇಮಿಗೆ 86 ಜಿಬಿ, ಅದೂ ಒಂದು ಹಂತಕ್ಕೆ. 16 ಬಿಟ್‌ಗೆ ಇಳಿಸಿ, ನೂರು ನೂರರ ಕಂತಿನಲ್ಲಿ ಜೋಡಿಸಿ, ಬಂದ ನಾಲ್ಕು ಚಿತ್ರಗಳನ್ನು ಮತ್ತೆ ಜೋಡಿಸಿ. ಆಮೇಲೆ ಅಂಚು ಕತ್ತರಿಸಿ, ಹಿನ್ನೆಲೆಯ ಬೆಳಕು ತೆಗೆದು, ಬಣ್ಣ ಸರಿಮಾಡಿ, ಕೊನೆಗೆ ಹಿಗ್ಗಿಸಿ. ಈ ಕ್ರಮ ತಪ್ಪಿಸಬೇಡಿ, ಹಿಗ್ಗಿಸಿದ ಮೇಲೆ ಹಿನ್ನೆಲೆ ತೆಗೆಯಲು ಹೊರಟರೆ ನೀಹಾರಿಕೆಯ ಮಸುಕು ಅಂಚೂ ಜೊತೆಗೇ ಹೋಗುತ್ತದೆ.

ಎಂ42 ಗುಲಾಬಿಯಾಗಿ ಬಂದರೂ ಮಹಾವ್ಯಾಧನನ್ನು ಸುತ್ತುವರಿದ ಕೆಂಪು ವರ್ತುಲ ಬರಲಿಲ್ಲವಲ್ಲ ಎನ್ನಿಸಬಹುದು. ಹೈಡ್ರೋಜನ್ನಿನ 656.3 ನ್ಯಾನೋಮೀಟರ್ ಕೆಂಪಿನ ಬಹುಪಾಲನ್ನು ಸೆನ್ಸರಿನ ಮುಂದಿನ ಫಿಲ್ಟರ್ ತಡೆಯುತ್ತದೆ. ಅದನ್ನು ತೆಗೆಸುವ ಮುಂಚೆ ಕೃತ್ತಿಕೆಯ ನೀಲಿ ಮೋಡ, ದೇವಯಾನಿ ಗ್ಯಾಲಕ್ಸಿ, ಒಮೆಗಾ ಸೆಂಟಾರಿ ಇವುಗಳನ್ನು ಮುಗಿಸಿ, ಯಾವುದಕ್ಕೂ ಆ ಕೆಂಪು ಬೇಕಿಲ್ಲ. ಮುಂದಿನ ದುಡ್ಡು 135 ಎಂಎಂ ಲೆನ್ಸಿಗೆ ಹೋಗಲಿ. ಅದರಲ್ಲಿ ಪಿಕ್ಸೆಲಿಗೆ 6.6 ಆರ್ಕ್‌ಸೆಕೆಂಡ್, ಹಲಗೆಯ ಟ್ರ್ಯಾಕರಿನಲ್ಲಿ 20ರಿಂದ 30 ಸೆಕೆಂಡ್ ಸಿಗುತ್ತದೆ. ಅದಕ್ಕಿಂತ ಉದ್ದದ ಲೆನ್ಸಿಗೆ ಮನಸ್ಸು ಓಡಿದಾಗ ಅಂಗಡಿಯ ಟ್ರ್ಯಾಕರ್ ವಿಚಾರಿಸಿ.